ಕೇಳದೆ ಮಾಡಿದ ಪರೀಕ್ಷೆ, ಕೇಳಿ ಮಾಡಿದ ಪರೀಕ್ಷೆ

ಭಾಗ 1

ಮೊದಲನೇ ಫೋಟೋ ನೋಡ್ರಿ. ಬಸ್ ಕಾಯುವಾಗ ತೆಗೆದದ್ದು. ಗೋಡೆ ಮೇಲೆ ಹಳದಿ ಬಣ್ಣದಲ್ಲಿ ದೊಡ್ಡದಾಗಿ "ಗುಪ್ತರೋಗ", ಕೆಳಗೊಂದು ಮೊಬೈಲ್ ನಂಬರ್. (ನಂಬರ್ ನಾನೇ ಅಳಿಸೀನಿ, ಯಾರೂ ಹಚ್ಚಬ್ಯಾಡ್ರಿ.) ಯಂಕಂಚಿಯಿಂದ ಕಾಲೇಜಿಗೆ ಹೋಗೋ ನಾವು ದಿನಾ ಇಂಥ ಗೋಡೆ ಮುಂದೆ ನಿಲ್ತೀವಿ, ಓದಿಲ್ಲ ಅನ್ನೋ ಹಂಗ ಮೊಬೈಲ್ ನೋಡ್ತೀವಿ. ನಮ್ಮ ಹಳ್ಳಿ ಕಡೆ ಈ ವಿಷಯದ ಬಗ್ಗೆ ಯಾರಾದರೂ ಬಹಿರಂಗವಾಗಿ ಬರೆದಿದ್ದಾರೆ ಅಂದ್ರೆ ಆ ಗೋಡೆಯವನೇ.

ಹೋದ ತಿಂಗಳು ಕಾಲೇಜಿನಲ್ಲಿ ಆರೋಗ್ಯದ ಬಗ್ಗೆ ಒಂದು ಕಾರ್ಯಕ್ರಮ ಇತ್ತು. ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಿ ಅಂದರು. ಒಂದು ಚೀಟಿಯಲ್ಲಿ "ಎಚ್‌ಪಿವಿ ಟೆಸ್ಟ್ ಎಲ್ಲಿ ಮಾಡಸಬೇಕು?" ಅಂತ ಇತ್ತು. ಓದಿದ ಕೂಡಲೇ ಹಿಂದಿನ ಬೆಂಚು ನಕ್ಕಿತು, ಮುಂದಿನ ಬೆಂಚು ತಲೆ ತಗ್ಗಿಸಿತು. ಬಂದ ಅತಿಥಿ "ಅದೆಲ್ಲ ಮದುವಿ ಆದ ಮ್ಯಾಲೆ" ಅಂದು ಮುಂದಿನ ಚೀಟಿ ಎತ್ತಿದರು.

ಆ ಚೀಟಿ ನಂದು.

ನನ್ನದು ಬಿಕಾಂ. ಡಾಕ್ಟರ್ ಅಲ್ಲ. ಆದ್ರೆ ಹೋದ ಸಲ ಗೋಳಗುಮ್ಮಟದ ಸರಣಿ ಓದಿ ನೀವು "ಇತಿಹಾಸ ಹಿಂಗ ಹೇಳಿದ್ರ ತಿಳೀತದ" ಅಂದಿದ್ರಲ್ಲ, ಅದೇ ಧೈರ್ಯದ ಮೇಲೆ ಇದನ್ನ ಬರೀತೀನಿ. ಉತ್ತರ ಹುಡುಕಲು ಹೋದವಳಿಗೆ ಸಿಕ್ಕಿದ್ದೂ ಇತಿಹಾಸವೇ.

ಭಾಗ 2

ಮೊದಲು ಹೆಸರು. ನಮ್ಮ ಹಿರಿಯರು ಸಿಫಿಲಿಸ್‌ಗೆ "ಗರ್ಮಿ" ಅಂತಾರೆ. ಹಳೇ ಪುಸ್ತಕದ ಕನ್ನಡದಲ್ಲಿ "ಪರಂಗಿ ಹುಣ್ಣು". 16ನೇ ಶತಮಾನದ ಭಾವಪ್ರಕಾಶ ಅನ್ನೋ ಆಯುರ್ವೇದ ಗ್ರಂಥ ಇದನ್ನ ಫಿರಂಗ ರೋಗ ಅಂತ ಕರೀತು. ಪರಂಗಿಯವರು ಅಂದ್ರೆ ಸಮುದ್ರ ದಾಟಿ ಬಂದ ಬಿಳಿಯರು. ರೋಗ ಬಂದದ್ದು ಯಾವಾಗಲೂ ಇನ್ನೊಬ್ಬರಿಂದಲೇ ಅನ್ನೋದು ಹೊಸ ಮಾತಲ್ಲ. ಯುರೋಪಿನಲ್ಲಿ ಫ್ರೆಂಚರು ಅದಕ್ಕೆ ನೇಪಲ್ಸ್ ರೋಗ ಅಂದರೆ, ಇಟಲಿಯವರು ಫ್ರೆಂಚ್ ರೋಗ ಅಂದರು.

ಈಗ ಪರೀಕ್ಷೆಗೆ ಬರ್ತೀನಿ. ಬೆಂಗಳೂರಿನ ದಂಡು 1809ರಲ್ಲಿ ಶುರುವಾಯಿತು. ಸಾವಿರಾರು ಸೈನಿಕರು, ಅವರ ಸುತ್ತ ಬಜಾರು. ಸೈನಿಕರಿಗೆ ಲೈಂಗಿಕ ರೋಗ ಹೆಚ್ಚಾದಾಗ ಬ್ರಿಟಿಷರು 1864ರಲ್ಲಿ ದಂಡು ಪ್ರದೇಶಗಳ ಕಾಯ್ದೆ ತಂದರು, 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ. ವೇಶ್ಯೆ ಅಂತ ಪೊಲೀಸರು ಬರೆದುಕೊಂಡ ಹೆಣ್ಣುಮಕ್ಕಳಿಗೆ ಒಂದು ಟಿಕೆಟ್ಟು. ಕರೆದ ದಿನ ಬಂದು ಬಟ್ಟೆ ತೆಗೆದು ತೋರಿಸಬೇಕು. ರೋಗ ಕಂಡರೆ "ಲಾಕ್ ಆಸ್ಪತ್ರೆ". ವಾಸಿ ಆಯಿತು ಅಂತ ಅವರು ಹೇಳೋತನಕ ಹೊರಗೆ ಬರೋ ಹಾಗಿಲ್ಲ. ಹೆಸರೇ ಹೇಳ್ತದ ನೋಡ್ರಿ. ಬೆಂಗಳೂರು, ಬಳ್ಳಾರಿ ಅಂಥ ದಂಡಿನ ಊರುಗಳಲ್ಲಿ ಇವು ಇದ್ದವು.

ಮತ್ತೆ ಸೈನಿಕ? ಅವನಿಗೆ ಈ ಕಾಯ್ದೆಯಲ್ಲಿ ಪರೀಕ್ಷೆಯೇ ಇಲ್ಲ. ಅವನ ಮಾನಕ್ಕೆ ಧಕ್ಕೆ ಬರ್ತದಂತ.

ಅಕೌಂಟ್ಸ್ ಕ್ಲಾಸಿನಲ್ಲಿ ಡೆಬಿಟ್ ಕಡೆ ಮಾತ್ರ ಬರೆದು ಕ್ರೆಡಿಟ್ ಕಡೆ ಖಾಲಿ ಬಿಟ್ಟರೆ ಸರ್ ಪೇಪರ್ ಮುಖಕ್ಕೆ ಎಸೀತಾರೆ. ಇಲ್ಲಿ ಇಡೀ ಸಾಮ್ರಾಜ್ಯ ಹಂಗೇ ಲೆಕ್ಕ ಬರೆದಿತ್ತು. ಅರ್ಧ ಜನರನ್ನ ಪರೀಕ್ಷೆ ಮಾಡಿದರೆ ರೋಗ ಹೆಂಗ ನಿಲ್ಲಬೇಕು? ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಅನ್ನೋ ಮಹಿಳೆ ಇದೇ ಮಾತು ಹಿಡಿದು ವರ್ಷಗಟ್ಟಲೆ ಹೋರಾಡಿದರು. ಅಲ್ಲಿನ ಕಾಯ್ದೆ 1886ರಲ್ಲಿ ಹೋಯಿತು, ಇಲ್ಲಿನದು 1888ರಲ್ಲಿ.

ಆದರೆ ನನಗನ್ನಿಸೋದು, ಆ ಪರೀಕ್ಷೆ ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. "ಟೆಸ್ಟ್ ಮಾಡಿಸ್ಯಾಳಂತ" ಅಂದರೆ "ಏನೋ ಮಾಡ್ಯಾಳಂತ" ಅಂತಲೇ ಕೇಳಿಸ್ತದೆ. ಟೆಸ್ಟ್ ಅಂದ್ರೆ ಆರೋಪ. ಹಿಂದಿನ ಬೆಂಚು ನಕ್ಕಿದ್ದು ಅದಕ್ಕೇ.

ಭಾಗ 3

ಇದು ಸಣ್ಣ ಭಾಗ. 1905ರಲ್ಲಿ ಜರ್ಮನಿಯಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್ ರೋಗಾಣು ಕಂಡರು. 1906ರಲ್ಲಿ ವಾಸರ್‌ಮನ್ ರಕ್ತಪರೀಕ್ಷೆ ಬಂತು. ಮೈಮೇಲೆ ಹುಣ್ಣು ಇಲ್ಲದವರಲ್ಲೂ ರೋಗ ಹಿಡಿಯಬಹುದು ಅಂತ ಆಗ ಗೊತ್ತಾಯಿತು. ಆಮೇಲೆ ವಿಡಿಆರ್‌ಎಲ್ ಅನ್ನೋ ಸರಳ ಪರೀಕ್ಷೆ ಬಂತು, 1943ರಿಂದ ಪೆನಿಸಿಲಿನ್ ಔಷಧಿಯೂ ಸಿಕ್ಕಿತು.

ಮನೆಯಲ್ಲಿ ನಿಮ್ಮ ಅವ್ವನ ಹಳೇ ತಾಯಿ ಕಾರ್ಡು, ಬಸುರಿದ್ದಾಗಿನ ಚೀಟಿ ಇದ್ದರೆ ತೆಗೆದು ನೋಡ್ರಿ. ರಕ್ತದ ಗುಂಪು, ಹಿಮೋಗ್ಲೋಬಿನ್ ಬರೆದ ಕಡೆ ವಿಡಿಆರ್‌ಎಲ್, ಎಚ್‌ಐವಿ ಅಂತಲೂ ಬರೆದಿರಬಹುದು. ಅಂದ್ರೆ "ಅಂಥಾ ಟೆಸ್ಟ್ ನಮ್ಮ ಮನಿತನದಾಗ ಯಾರೂ ಮಾಡಿಸಿಲ್ಲ" ಅನ್ನೋರ ಅವ್ವನಿಗೂ ಆಗಿರ್ತದೆ, ಇವರು ಹೊಟ್ಟೆಯಲ್ಲಿದ್ದಾಗಲೇ. ನಮ್ಮ ಅವ್ವನ ಕಾರ್ಡಿನಲ್ಲಿ ಇತ್ತು. ಅದು ಏನು ಅಂತ ಆಕೀಗೆ ಯಾರೂ ಹೇಳಿರಲಿಲ್ಲ.

ಭಾಗ 4

1986. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ಲಪ್ಪನ್ ನಿರ್ಮಲಾ ಅನ್ನೋ ವಿದ್ಯಾರ್ಥಿನಿಗೆ ಪ್ರಬಂಧಕ್ಕೆ ವಿಷಯ ಬೇಕಿತ್ತು. ಗೈಡ್ ಸುನೀತಿ ಸಾಲೊಮನ್ "ಎಚ್‌ಐವಿ ಹುಡುಕು" ಅಂದರು. ಆಗ ದೇಶವೆಲ್ಲ ಅದು ಅಮೆರಿಕದ ರೋಗ ಅಂತ ನಂಬಿತ್ತು. (ಪರಂಗಿ ಹುಣ್ಣಿನ ಕತೆ ಮತ್ತೆ.) ನಿರ್ಮಲಾ ರಕ್ತದ ಮಾದರಿ ತಂದು ಮನೆಯ ಫ್ರಿಜ್ಜಿನಲ್ಲಿಟ್ಟು, ಆಮೇಲೆ ವೆಲ್ಲೂರಿಗೆ ಒಯ್ದು ಟೆಸ್ಟ್ ಮಾಡಿಸಿದರು. ಆರು ಮಾದರಿಗಳಲ್ಲಿ ಸೋಂಕು ಬಂತು. ನಮ್ಮ ದೇಶದಲ್ಲಿ ಎಚ್‌ಐವಿ ಪತ್ತೆ ಆದದ್ದು ಹೀಗೆ, ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟಿನಿಂದ. ಆದರೆ ಆ ರಕ್ತ ಯಾರದು? ಹಿಡಿದು ತಂದು ಸರ್ಕಾರಿ ಗೃಹದಲ್ಲಿ ಇಟ್ಟಿದ್ದ ಹೆಣ್ಣುಮಕ್ಕಳದು. ನೂರು ವರ್ಷ ಕಳೆದರೂ ಮೊದಲು ಸೂಜಿ ಚುಚ್ಚಿದ್ದು ಅದೇ ತೋಳಿಗೆ.

ಇನ್ನು ನಮ್ಮ ಕಡೆ. ಬಾಗಲಕೋಟೆ 1997ರವರೆಗೆ ನಮ್ಮ ಜಿಲ್ಲೆಯೇ ಆಗಿತ್ತು. 2003ರ ಸುಮಾರಿಗೆ ಅಲ್ಲಿ ಸಾಮಾನ್ಯ ಜನರಲ್ಲೇ ಸಮೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು ಮೂವರಲ್ಲಿ ಎಚ್‌ಐವಿ ಇತ್ತು. ಹೊಲ ಮಾಡೋರು, ಗುಳೆ ಹೋಗೋರು, ಮನೆಯಲ್ಲೇ ಇರೋ ಹೆಂಡತಿಯರು. ನಮ್ಮ ಅಪ್ಪ ಅವ್ವನ ವಯಸ್ಸಿನವರಿಗೆ ಆ ವರ್ಷಗಳು ನೆನಪಿವೆ. ಇದ್ದಕ್ಕಿದ್ದಂತೆ ತೆಳ್ಳಗಾಗಿ ಸತ್ತವರ ಹೆಸರು ತೆಗೆದರೆ ಈಗಲೂ ದನಿ ಇಳಿಸ್ತಾರೆ. ಅದೇ ಜಿಲ್ಲೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು, ಅವರಲ್ಲಿ ದೇವದಾಸಿಯರೂ ಬಹಳ, ತಮ್ಮದೇ ಸಂಘ ಕಟ್ಟಿಕೊಂಡರು. ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ. 1864ರಲ್ಲಿ ಇಂಥವರನ್ನೇ ಎಳೆದುಕೊಂಡು ಹೋಗಿ ಪರೀಕ್ಷೆ ಮಾಡ್ತಿದ್ದರು. ಈಗ ಇವರೇ ಒಬ್ಬರ ಕೈ ಒಬ್ಬರು ಹಿಡಿದು ಪರೀಕ್ಷೆಗೆ ಹೋದರು. ಪರೀಕ್ಷೆ ಅದೇ ಇರಬಹುದು, ಆದ್ರೆ ಎಷ್ಟು ಬ್ಯಾರೆ!

ಕೊನೆಗೆ ಕಾನೂನೂ ಬಂತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿ. ತಿಳಿಸಿ, ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡುವ ಹಾಗಿಲ್ಲ. ಫಲಿತಾಂಶ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. 18 ತುಂಬಿದ್ದರೆ ನಿಮ್ಮ ಒಪ್ಪಿಗೆ ಸಾಕು, ಅಪ್ಪನ ಸಹಿ ಬೇಡ.

ಭಾಗ 5

ಈಗ ನನ್ನ ಚೀಟಿಯ ಎಚ್‌ಪಿವಿ. ಪೂರ್ತಿ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇನ್ನೂರಕ್ಕೂ ಹೆಚ್ಚು ಬಗೆ ಇವೆ. ಕೆಲವು ಕೈಮೇಲೆ ನರೂಲಿ ಏಳಿಸ್ತಾವೆ, ಕೆಲವು ಗುಪ್ತಾಂಗದಲ್ಲಿ. ಕೆಲವು ಮಾತ್ರ ಕ್ಯಾನ್ಸರ್ ತನಕ ಹೋಗ್ತಾವೆ. ಚರ್ಮಕ್ಕೆ ಚರ್ಮ ತಾಗಿ ಹರಡುತ್ತದೆ, ಹಾಗಾಗಿ ಕಾಂಡೋಮ್ ಅಪಾಯ ಕಡಿಮೆ ಮಾಡ್ತದೆ, ಪೂರ್ತಿ ತಡೆಯೋದಿಲ್ಲ. ಲೈಂಗಿಕ ಸಂಪರ್ಕ ಇರುವ ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ಬರ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷಕ್ಕೆ ತಾನಾಗಿ ಹೋಗ್ತದೆ. ಹೋಗದೆ ಉಳಿದರೆ, 15-20 ವರ್ಷ ಸದ್ದಿಲ್ಲದೆ ಕೂತು ಗರ್ಭಕಂಠದ ಕ್ಯಾನ್ಸರ್ ಆಗಬಹುದು.

ಇದನ್ನ ಹಿಡಿದವರು ಜರ್ಮನಿಯ ಹರಾಲ್ಡ್ ಝೂರ್ ಹೌಸೆನ್. 1983ರಲ್ಲಿ 16ನೇ ಬಗೆ, ಮರುವರ್ಷ 18ನೇ ಬಗೆ. ಇವೆರಡೇ ಸುಮಾರು 70 ಪರ್ಸೆಂಟ್ ಗರ್ಭಕಂಠದ ಕ್ಯಾನ್ಸರಿಗೆ ಕಾರಣ. 2008ರಲ್ಲಿ ಅವರಿಗೆ ನೊಬೆಲ್ ಬಂತು. 18ನೇ ಬಗೆ ಸಿಕ್ಕ ಜೀವಕೋಶಗಳಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ಅಮೆರಿಕದ ಕಪ್ಪು ಮಹಿಳೆಯವೂ ಇದ್ದವು. 1951ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತಾಕಿ. ಆಕೀ ಜೀವಕೋಶ ತೆಗೆದುಕೊಳ್ಳುವಾಗ ಆಕೀನ್ನ ಯಾರೂ ಕೇಳಿರಲಿಲ್ಲ. ಆಕೀ ಹೋದರೂ ಆ ಜೀವಕೋಶಗಳು ಪ್ರಪಂಚದ ಲ್ಯಾಬುಗಳಲ್ಲಿ ಇವತ್ತಿಗೂ ಬೆಳೀತಾ ಇವೆ.

ಭಾಗ 6

ಇದು ಉದ್ದ ಐತಿ, ಸೇವ್ ಮಾಡಿ ಇಟ್ಟುಕೊಂಡು ಓದ್ರಿ. ಈ ಸರಣಿ ಬರೆದದ್ದೇ ಈ ಭಾಗಕ್ಕೆ.

ವಿಜಯಪುರದಿಂದ ಸೊಲ್ಲಾಪುರ ಬಸ್ ಹತ್ತಿದರೆ ಧೂಳಖೇಡದ ಹತ್ತಿರ ಭೀಮಾ ಸೇತುವೆ. ಹೊಳೆ ದಾಟಿದರೆ ಮಹಾರಾಷ್ಟ್ರ. ಸೊಲ್ಲಾಪುರದಲ್ಲಿ ಇಳಿದರೂ ಕನ್ನಡದಲ್ಲೇ ಚಹಾ ಕೇಳಬಹುದು. ಅಲ್ಲಿಂದ ಸುಮಾರು 70 ಕಿಲೋಮೀಟರ್ ಮುಂದೆ ಬಾರ್ಶಿ. ನಮ್ಮ ಹಾಗೇ ಜೋಳ ತಿನ್ನೋ, ಬರ ನೋಡಿದ ಸೀಮೆ. ಅಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. 1987ರಲ್ಲಿ ಅಲ್ಲಿ ಹಳ್ಳಿಗಳ ಕ್ಯಾನ್ಸರ್ ಲೆಕ್ಕ ಬರೆಯೋಕೆ ಶುರುಮಾಡಿದರು. ದೇಶದಲ್ಲಿ ಗ್ರಾಮೀಣ ಭಾಗದ ಮೊದಲ ಕ್ಯಾನ್ಸರ್ ನೋಂದಣಿ ಅದು. ಬೆಂಗಳೂರಿನ ಕಿದ್ವಾಯಿಯಲ್ಲಿ 1982ರಲ್ಲೇ ಶುರುವಾಗಿತ್ತು, ಆದರೆ ಅದು ಪಟ್ಟಣದ ಲೆಕ್ಕ. ಹಳ್ಳಿ ಹೆಂಗಸು ಯಾವ ರೋಗದಿಂದ ಸತ್ತಳು ಅಂತ ಅಲ್ಲಿಯವರೆಗೆ ಯಾವ ಖಾತೆಯಲ್ಲೂ ಸರಿಯಾಗಿ ಇರಲಿಲ್ಲ.

1999ರಲ್ಲಿ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ಆರಂಭ. ಈಗ ಆ ಜಿಲ್ಲೆಯ ಹೆಸರು ಧಾರಾಶಿವ. ಬಾರ್ಶಿ ಆಸ್ಪತ್ರೆ, ಮುಂಬೈನ ಟಾಟಾ ಮೆಮೋರಿಯಲ್, ಫ್ರಾನ್ಸಿನಲ್ಲಿರೋ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಮಾಡಿದ್ದು. 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಮಹಿಳೆಯರು. ಹಳ್ಳಿಗಳನ್ನ 52 ಗುಂಪು ಮಾಡಿ ನಾಲ್ಕು ಪಾಲು ಹಂಚಿದರು. ಒಂದು ಪಾಲಿಗೆ ಎಚ್‌ಪಿವಿ ಪರೀಕ್ಷೆ. ಒಂದಕ್ಕೆ ಪ್ಯಾಪ್ ಸ್ಮಿಯರ್. ಒಂದಕ್ಕೆ ವಿಐಎ, ಅಂದ್ರೆ ವಿನೆಗರ್‌ನಂಥ ತಿಳಿ ಅಸಿಟಿಕ್ ಆಮ್ಲ ಹಚ್ಚಿ ಗರ್ಭಕಂಠದಲ್ಲಿ ಬಿಳಿ ಮಚ್ಚೆ ಏಳ್ತದೋ ಅಂತ ಕಣ್ಣಿನಿಂದ ನೋಡೋದು. ನಾಲ್ಕನೆಯ ಪಾಲಿಗೆ ಯಾವ ಪರೀಕ್ಷೆಯೂ ಇಲ್ಲ, ಎಂದಿನಂತೆ.

ಪರೀಕ್ಷೆ ಆದದ್ದು ಒಂದೇ ಒಂದು ಸಲ. ಸುಮಾರು ಎಂಟು ವರ್ಷ ಕಾದರು. 2009ರಲ್ಲಿ ಫಲಿತಾಂಶ ಬಂತು. ಎಚ್‌ಪಿವಿ ಪರೀಕ್ಷೆ ಪಾಲಿನ 34,126 ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆ ಇಲ್ಲದ ಪಾಲಿನ 31,488ರಲ್ಲಿ ಸತ್ತವರು 64. ಒಂದು ಸಲದ ಪರೀಕ್ಷೆ, ಸಾವು ಹೆಚ್ಚುಕಡಿಮೆ ಅರ್ಧ. ಉಳಿದ ಎರಡು ಪರೀಕ್ಷೆಗಳಿಂದ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಜಗತ್ತಿನ ದೇಶಗಳು ಎಚ್‌ಪಿವಿ ಪರೀಕ್ಷೆ ಕಡೆ ತಿರುಗಲು ಈ ಹಳ್ಳಿಗಳ ಲೆಕ್ಕವೂ ಒಂದು ದೊಡ್ಡ ಕಾರಣ.

ಆ ನಾಲ್ಕನೆಯ ಪಾಲಿನ ಬಗ್ಗೆ ಆಮೇಲೆ ವಾದ ಎದ್ದಿತು. ಪರೀಕ್ಷೆಯಿಂದ ಜೀವ ಉಳೀತದೆ ಅಂತ ಬೇರೆ ದೇಶಗಳಲ್ಲಿ ಗೊತ್ತಿದ್ದರೂ ಇವರನ್ನ ಸುಮ್ಮನೆ ನೋಡ್ತಾ ಕೂರಬಹುದಿತ್ತಾ? ಮಾಡಿದವರ ಉತ್ತರ, ಆಗ ಅಲ್ಲಿ ಎಂದಿನ ಆರೈಕೆ ಅಂದ್ರೆ ಪರೀಕ್ಷೆ ಇಲ್ಲದಿರೋದೇ. ಎರಡೂ ಓದಿದೆ. ಉತ್ತರದಿಂದ ನನಗೆ ಸಮಾಧಾನ ಆಗಲಿಲ್ಲ. ಆದರೆ ಆ 64 ಸಂಖ್ಯೆ ಇಲ್ಲದಿದ್ದರೆ 34ಕ್ಕೆ ಅರ್ಥ ಬರ್ತಿರಲಿಲ್ಲ ಅನ್ನೋದೂ ಖರೆ.

ಈಗ ನಮ್ಮ ಮನೆ. ನಮ್ಮ ಅವ್ವನ ಅಕ್ಕ, ನನಗೆ ದೊಡ್ಡವ್ವ. ಮುಟ್ಟು ನಿಂತ ಮೇಲೂ ಆಕೀಗೆ ರಕ್ತ ಹೋಗ್ತಿತ್ತು. ಅದಕ್ಕೂ ಮೊದಲು ಎಷ್ಟೋ ದಿನ ಬಿಳಿಸೆರಗು. "ಉಷ್ಣ ಆಗೈತಿ" ಅಂತ ಕಾಮಕಸ್ತೂರಿ ಬೀಜ ನೆನೆಸಿ ಕುಡಿದಳು. ವರ್ಷ ಕಳೆದ ಮೇಲೆ ಸೊಲ್ಲಾಪುರದ ಒಂದು ಆಸ್ಪತ್ರೆಗೆ ಕರೆದೊಯ್ದರು. ತಡ ಆಗಿತ್ತು. 2016ರಲ್ಲಿ ಹೋದಳು. ಆಗ ಆಕೀಗೆ 47, ನನಗೆ ಹತ್ತು. ಊರಿಗೆ "ಹೊಟ್ಟ್ಯಾಗ ಗಡ್ಡಿ ಇತ್ತು" ಅಂತ ಹೇಳಿದರು, ನನಗೂ ಅಷ್ಟೇ.

ಬಿಕಾಂ ಹುಡುಗಿ ಅಲ್ಲವಾ, ಲೆಕ್ಕ ಹಾಕದೆ ಇರಲಾಗಲಿಲ್ಲ. 1999ರಲ್ಲಿ ದೊಡ್ಡವ್ವಗೆ 30. ಆ ಪಟ್ಟಿಗೆ ಸೇರೋ ವಯಸ್ಸು. ಆಕೀ ಊರು ಮಾತ್ರ ಹೊಳೆಯ ಈ ಕಡೆ.

ಭಾಗ 7

ಲಸಿಕೆ ಕತೆ. 2006ರಲ್ಲಿ ಅಮೆರಿಕದಲ್ಲಿ ಎಚ್‌ಪಿವಿ ಲಸಿಕೆಗೆ ಅನುಮತಿ ಸಿಕ್ಕಿತು. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪಾಥ್ ಅನ್ನೋ ಸಂಸ್ಥೆ 10ರಿಂದ 14 ವಯಸ್ಸಿನ ಸಾವಿರಾರು ಹುಡುಗಿಯರಿಗೆ ಪ್ರಾಯೋಗಿಕ ಯೋಜನೆಯಲ್ಲಿ ಲಸಿಕೆ ಹಾಕಿಸಿತು. ಏಳು ಹುಡುಗಿಯರು ಸತ್ತ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ತನಿಖೆ ನಡೆಸಿದಾಗ ಸಾವುಗಳಿಗೆ ಲಸಿಕೆ ಕಾರಣ ಅಂತ ಕಾಣಲಿಲ್ಲ. ನೀರಿಗೆ ಬಿದ್ದದ್ದು, ಹಾವು ಕಚ್ಚಿದ್ದು, ವಿಷ, ಮಲೇರಿಯಾ ಇಂಥವು. ಆದರೆ ಇನ್ನೊಂದು ಬಯಲಾಯಿತು. ಆದಿವಾಸಿ ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ವಾರ್ಡನ್‌ಗಳೇ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಬರೆಯಿತು.

ಲಸಿಕೆ ಒಳ್ಳೇದಿತ್ತು, ಕೇಳದೆ ಕೊಟ್ಟರು. ಅದಕ್ಕೆ ದೇಶ ಎಷ್ಟೋ ವರ್ಷ ಹೆದರಿತು. ನಡುವೆ ಪಂಜಾಬು 2016ರಲ್ಲಿ, ಸಿಕ್ಕಿಂ 2018ರಲ್ಲಿ ತಮ್ಮ ಹುಡುಗಿಯರಿಗೆ ಹಾಕಿಸಿದವು. 2022ರಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್‌ಗೆ ಅನುಮತಿ ಸಿಕ್ಕಿತು, ನಮ್ಮಲ್ಲೇ ತಯಾರಾದ ಲಸಿಕೆ. 9ರಿಂದ 26 ವಯಸ್ಸಿನವರಿಗೆ, ಹುಡುಗರಿಗೂ. ಹುಡುಗರೇ, ಸ್ಕ್ರಾಲ್ ಮಾಡಬ್ಯಾಡ್ರಿ. ಗಂಟಲು, ಗುದ, ಶಿಶ್ನದ ಕ್ಯಾನ್ಸರಿಗೂ ಇದೇ ವೈರಸ್ ಕಾರಣ ಆಗಬಹುದು. ಚಿಕ್ಕ ವಯಸ್ಸಿನಲ್ಲಿ, ಲೈಂಗಿಕ ಸಂಪರ್ಕಕ್ಕೆ ಮೊದಲು ಹಾಕಿಸಿದರೆ ಹೆಚ್ಚು ಉಪಯೋಗ. ನಮ್ಮ ವಯಸ್ಸಿಗೆ ಎಷ್ಟು ಡೋಸ್ ಅಂತ ಡಾಕ್ಟರ್ ಹೇಳ್ತಾರೆ.

ಭಾಗ 8

ಆ ದಿನ ಚೀಟಿಗೆ ಯಾರೂ ಕೊಡದ ಉತ್ತರ ಇದು. ಡಿಎಂ ಮಾಡಿ ಕೇಳಿದವರಿಗೂ ಸೇರಿಸಿ.

ನಮ್ಮ ವಯಸ್ಸಿಗೆ ಎಚ್‌ಪಿವಿ ಟೆಸ್ಟ್ ಬೇಡ. 20ರಲ್ಲಿ ಬಂದ ಸೋಂಕು ಬಹಳ ಸಲ ತಾನೇ ಹೋಗೋದರಿಂದ ಟೆಸ್ಟ್ ಸುಮ್ಮನೆ ಹೆದರಿಸ್ತದೆ. ಹುಡುಗರಿಗೆ ವಾಡಿಕೆಯ ಎಚ್‌ಪಿವಿ ಟೆಸ್ಟ್ ಇಲ್ಲವೇ ಇಲ್ಲ, ನರೂಲಿ ಕಂಡರೆ ಚರ್ಮದ ಡಾಕ್ಟರ್ ಹತ್ತಿರ ಹೋಗೋದು. ನಮ್ಮ ದೇಶದ ಕಾರ್ಯಕ್ರಮದಲ್ಲಿ ಗರ್ಭಕಂಠದ ತಪಾಸಣೆ 30ರಿಂದ 65ರವರೆಗೆ, ಐದು ವರ್ಷಕ್ಕೊಮ್ಮೆ, ವಿಐಎ ವಿಧಾನದಲ್ಲಿ. ಅಂದ್ರೆ ಅದು ನಮ್ಮ ಅವ್ವಂದಿರ ಟೆಸ್ಟ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 30ರಿಂದ 49 ವಯಸ್ಸಿನವರಲ್ಲಿ ಇದನ್ನ ಎಂದಾದರೂ ಮಾಡಿಸಿದವರು ನೂರಕ್ಕೆ 1.9. ಪೂರ್ತಿ ಇಬ್ಬರೂ ಆಗೋದಿಲ್ಲ.

ನಮ್ಮ ವಯಸ್ಸಿಗೆ ಬೇಕಾದವು ಬೇರೆ. ಲೈಂಗಿಕ ಸಂಪರ್ಕ ಆಗಿದ್ದರೆ, ತೊಂದರೆ ಏನೂ ಇಲ್ಲದಿದ್ದರೂ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ. ಮೂರೂ ರಕ್ತದ ಪರೀಕ್ಷೆ. ಹೆಪಟೈಟಿಸ್ ಬಿ ಲಸಿಕೆ ದೇಶದ ತುಂಬ ಬಂದದ್ದು 2011ಕ್ಕೆ, ನಾವು ಹುಟ್ಟಿದ್ದು ಅದಕ್ಕೂ ಮೊದಲು, ಹಾಗಾಗಿ ಹಾಕಿದ್ದಾರೋ ಇಲ್ಲೋ ನೋಡಿಕೊಳ್ರಿ. ಸಂಪರ್ಕ ಆದ ಮರುದಿನವೇ ಓಡಿದರೆ ಟೆಸ್ಟ್ ಸುಳ್ಳು ಧೈರ್ಯ ಕೊಡ್ತದೆ. ಸೋಂಕು ರಕ್ತದಲ್ಲಿ ಕಾಣಲು ವಾರಗಳು ಬೇಕು, ಅದಕ್ಕೇ ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸ್ತಾರೆ. ಆದರೆ ಎಚ್‌ಐವಿ ತಗುಲಿರಬಹುದು ಅನ್ನೋ ಭಯ ಇದ್ದರೆ 72 ಗಂಟೆ ಒಳಗೆ ಆಸ್ಪತ್ರೆಗೆ ಹೋಗಬೇಕು, ತಡೆಯೋ ಔಷಧಿ ಇದೆ. ಉರಿ, ಸೆರಗು, ಹುಣ್ಣು ಇದ್ದರೆ ದೊಡ್ಡ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್. ಎಚ್‌ಐವಿಗೆ ಐಸಿಟಿಸಿ, ಪುಕ್ಕಟೆ. ಫೋನಿನಲ್ಲೇ ಕೇಳಬೇಕಂದ್ರೆ 1097, ಅದೂ ಪುಕ್ಕಟೆ. ಗೋಡೆ ಮೇಲಿನ ನಂಬರ್ ಅಲ್ಲ.

"ಒಳ್ಳೆ ಮನಿ ಹೆಣ್ಮಕ್ಕಳಿಗೆ ಇದೆಲ್ಲ ಯಾಕ" ಅಂತ ಒಬ್ಬರು ಕಾಮೆಂಟ್ ಹಾಕಿದ್ದೀರಿ. ಮೈಸೂರಿನಲ್ಲಿ ಪೂರ್ಣಿಮಾ ಮಾಧಿವಣ್ಣನ್ ಮತ್ತು ಜೊತೆಯವರು 15ರಿಂದ 30 ವಯಸ್ಸಿನ 898 ಮಹಿಳೆಯರನ್ನ ಪರೀಕ್ಷಿಸಿದ್ದರು, ಬಹುತೇಕ ಎಲ್ಲರೂ ಮದುವೆಯಾದವರು. ಟ್ರೈಕೊಮೊನಾಸ್ ಅನ್ನೋ ಒಂದೇ ಸೋಂಕು 76 ಜನರಲ್ಲಿತ್ತು. ತಾಳಿ ನೋಡಿ ಸೋಂಕು ವಾಪಸ್ ಹೋಗಲ್ಲ.

ಕೊನೆಯ ಫೋಟೋ ನಮ್ಮ ಅಡುಗೆಮನೆ. ಅವ್ವ ರೊಟ್ಟಿ ಬಡಿಯುವಾಗ ಇದನ್ನೆಲ್ಲ ಓದಿ ಹೇಳಿದೆ. ಬಾರ್ಶಿ, 34, 64, ಎಲ್ಲ. ಅವ್ವಗೆ ಈಗ 44. ದೊಡ್ಡವ್ವನ ಮಾತು ಬಂದಾಗ ಕೈ ನಿಲ್ಲಿಸಿದಳು, ಮತ್ತೆ ಬಡಿಯತೊಡಗಿದಳು. ಸುಮಾರು ಹೊತ್ತಿನ ಮೇಲೆ ಕೇಳಿದಳು.

"ನೋಡೋರು ಗಂಡಸರೋ, ಹೆಂಗಸರೋ?"

"ಹೆಂಗಸರ ಅವ್ವ. ಆಶಾ ಅಕ್ಕನ್ನ ಕೇಳೀನಿ. ನರ್ಸಬಾಯಿ ಇರ್ತಾರಂತ."

"ನೂಸ್ತದನು?"

"ಚೂರು ಉರೀತದಂತ. ಐದು ಮಿನಿಟಿನ ಕೆಲಸ. ಬ್ಯಾಡಂದ್ರ ಬ್ಯಾಡ, ನಿನ್ನ ಇಚ್ಛಾ."

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಬುಧವಾರ ಹೋಗೂಣು. ಆದ್ರ ನೀ ಒಳಗ ಬರಬ್ಯಾಡ, ಹೊರಗ ಕುಂದ್ರು."

ಬುಧವಾರ ನಾನು ಕ್ಲಾಸಿಗೆ ಬರಲ್ಲ. ಕಾಸ್ಟ್ ಅಕೌಂಟಿಂಗ್ ನೋಟ್ಸ್ ಯಾರಾದರೂ ಫೋಟೋ ಹೊಡೆದು ಕಳಸ್ರಿ.